ಪಂಚಮಿಗೇ ಅಲುಗಿದ ಘಟ

ನಾನು ಹಳಿಯಾಳದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಭೂಕಂಪದ ಪಾಠ ಬಂತೆಂದರೆ ಮಕ್ಕಳಿಗೆ ಹಬ್ಬ, ಯಾಕೆಂದರೆ ಅವತ್ತು ಬೆಂಚು ಅಲುಗಾಡಿಸಿದರೂ ಬೈಸಿಕೊಳ್ಳಬೇಕಾಗಿಲ್ಲ. ಮೊದಲು ನನಗೂ ಆ ಪಾಠ ಬಹಳ ಇಷ್ಟವಿತ್ತು. ಈಗ ಪುಸ್ತಕದಲ್ಲಿ ಇದ್ದಷ್ಟನ್ನು ಓದಿ, ಪ್ರಶ್ನೋತ್ತರ ಬರೆಸಿ, ಮುಂದಿನ ಪಾಠಕ್ಕೆ ಓಡುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಎಲ್ಲೋ ದೂರ ದೊಡ್ಡ ಭೂಕಂಪ ಆದ್ರ ನಮ್ಮ ಕಡೆ ಏನೂ ಆಗೂದಿಲ್ಲೇನ್ರಿ?" ಎಂದು ಕೇಳಿದಳು. "ಅದು ಪರೀಕ್ಷೆಗೆ ಬರೂದಿಲ್ಲ, ಕುಂದ್ರು" ಎಂದೆ. ಹುಡುಗಿಯ ಮುಖ ಸಪ್ಪಗಾಯಿತು. ಅದೇ ಪ್ರಶ್ನೆಗೆ ನಾನು ಒಮ್ಮೆ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಿಂತು ಬಹಳ ಚೆಂದದ ಉತ್ತರ ಕೊಟ್ಟಿದ್ದೆ, ಅದರ ಫಲವನ್ನು ಬೇರೆಯವರು ಉಂಡರು ಎಂದು ಅವಳಿಗೆ ಹೇಗೆ ಹೇಳಲಿ?

ನಮ್ಮ ಮನೆ ಇರುವುದು ದಾಂಡೇಲಿಯಲ್ಲಿ. ಮಾವ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಇಲ್ಲೇ ನೆಲೆ ನಿಂತವರು. ನಾನು ಸೊಸೆಯಾಗಿ ಕಾಲಿಡುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮನೆಯಲ್ಲಿ ಇದ್ದವರು ಅತ್ತೆ, ನನ್ನ ಗಂಡ, ನಾನು, ಮತ್ತೆ ಗಂಡನ ಅಣ್ಣನ ಹೆಂಡತಿ. ಅವಳನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಅವಳು ನನ್ನನ್ನು ತಂಗಿ ಎನ್ನುತ್ತಿದ್ದಳು. ಅಕ್ಕನ ಗಂಡ ಹಳಿಯಾಳದ ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತಿದ್ದರು. ಮಕ್ಕಳಿರಲಿಲ್ಲ. ಕಾರ್ಖಾನೆಯಲ್ಲಿ ಅವರ ಕೆಲಸ ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, ಸಿಗಲಿ ಎಂದು ಅಕ್ಕನೇ ಒಪ್ಪಿಕೊಂಡಿದ್ದಳು. ಹಾಗೆ ಬಂದ ಅನ್ನವನ್ನು ನಾವೆಲ್ಲರೂ ಉಣ್ಣುತ್ತಿದ್ದೆವು. ಅತ್ತೆ ಮಾತ್ರ ಬಡಿಸುವಾಗ ಅಕ್ಕನ ತಾಟಿಗೆ ಕಟ್ಟಕಡೆಗೆ, ತಳ ಹಿಡಿದದ್ದನ್ನು ಕೆರೆದು ಹಾಕುತ್ತಿದ್ದರು. ಅಕ್ಕ ಅದನ್ನೇ ಉಂಡು ತಾಟು ತೊಳೆದಿಡುತ್ತಿದ್ದಳು. ಆ ಮನೆ ಬಿಟ್ಟರೆ ಅವಳಿಗೆ ಹೋಗಲು ಜಾಗವಿರಲಿಲ್ಲ. ಮುಂಡಗೋಡ ತಾಲೂಕಿನ ಮಳಗಿಯಲ್ಲಿ ಒಬ್ಬ ತಮ್ಮನಿದ್ದ. ತಮ್ಮನಿಗೆ ಹೆಂಡತಿಯಿದ್ದಳು. ಅಕ್ಕ ಹಬ್ಬಕ್ಕೆಂದು ಹೋಗಿ ಒಂದು ದಿನ ಹೆಚ್ಚು ಉಳಿದರೆ ಆ ಹೆಂಡತಿಗೆ ತಲೆನೋವು ಬರುತ್ತಿತ್ತು.

ನವರಾತ್ರಿಗೆ ನಮ್ಮ ಮನೆಯಲ್ಲಿ ಘಟ ಕೂಡಿಸುತ್ತಾರೆ. ಪಾಡ್ಯದ ದಿನ ದೇವರ ಮುಂದೆ ಪತ್ರಾವಳಿ ಹಾಸಿ, ಎರೆಮಣ್ಣು ಹರಡಿ, ಅದರಲ್ಲಿ ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟು, ವೀಳ್ಯದೆಲೆ ಜೋಡಿಸಿ, ಮೇಲೊಂದು ತೆಂಗಿನಕಾಯಿ ಇಡುತ್ತಾರೆ. ಪಕ್ಕದಲ್ಲಿ ಹಚ್ಚಿದ ದೀಪ ದಸರೆಯವರೆಗೆ ಆರಬಾರದು. ಇದಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿದೆ. ಕೂಡಿಸಿದ ಘಟವನ್ನು ಯಾರೂ ಅಲುಗಿಸಕೂಡದು. ದಸರೆಯ ದಿನ ಪೂಜೆಯೆಲ್ಲ ಮುಗಿದ ಮೇಲೆ ಮನೆಯ ಗಂಡಸು ಅದನ್ನು ಎರಡೂ ಕೈಯಲ್ಲಿ ಹಿಡಿದು ಚೂರೇ ಚೂರು ಅಲುಗಿಸುತ್ತಾನೆ. ಹಾಗೆ ಅಲುಗಿಸಿದರೆ ದೇವಿಗೆ ಇನ್ನು ಹೋಗಿ ಬಾ ತಾಯಿ ಎಂದು ಹೇಳಿದಂತೆ. ನಡುವೆಯೇ ಘಟ ಅಲುಗಿತೆಂದರೆ ಉಣ್ಣುತ್ತಾ ಕೂತವಳನ್ನು ಎಬ್ಬಿಸಿ ಹೊರಗೆ ಕಳಿಸಿದಂತೆ. ನಮ್ಮತ್ತೆ ಆ ಕೋಣೆಯಲ್ಲಿ ಕಸ ಗುಡಿಸುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದರು.

ಅಕ್ಕನಿಗೆ ಆ ಒಂಬತ್ತು ದಿನ ದೇವರ ಕೋಣೆಗೆ ಪ್ರವೇಶವಿರಲಿಲ್ಲ. ವಿಧವೆ ಘಟದ ಹತ್ತಿರ ಸುಳಿಯಬಾರದಂತೆ. ನೀವೂ ವಿಧವೆಯೇ ಅಲ್ಲವೇ ಎಂದು ನಾನು ಅತ್ತೆಯನ್ನು ಒಮ್ಮೆ ಕೇಳಿಬಿಟ್ಟಿದ್ದೆ. "ನಾ ಎರಡು ಗಂಡಸ ಮಕ್ಕಳನ್ನ ಹಡದಾಕಿ. ಆಕಿ ಏನ ಹಡದಾಳ?" ಎಂದಿದ್ದರು. ಅಕ್ಕ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ತಿಕ್ಕುವ ಕೈ ನಿಲ್ಲಲಿಲ್ಲ.

ಆ ವರ್ಷ ದಸರೆ ರಜೆಯಲ್ಲಿಯೇ ಸರ್ಕಾರಕ್ಕೆ ಶಿಕ್ಷಕರ ನೆನಪಾಯಿತು. ಮನೆಮನೆ ಸಮೀಕ್ಷೆಗೆ ನಮ್ಮನ್ನು ಹಚ್ಚಿದರು. ನನ್ನ ಪಾಲಿಗೆ ಡ್ಯಾಮಿನ ಪಕ್ಕದ ಗಣೇಶಗುಡಿಯ ಮನೆಗಳು ಬಂದವು. ಬೆಳಿಗ್ಗೆ ಪೂಜೆ ಮಾಡಿ, ಘಟದ ಮೇಲೆ ಹೂವಿನ ಮಾಲೆ ಇಳಿಬಿಟ್ಟು, ದೀಪಕ್ಕೆ ಎಣ್ಣೆ ಹಾಕಿ ಬಸ್ಸು ಹಿಡಿಯುತ್ತಿದ್ದೆ. ಹಗಲು ದೀಪ ನೋಡಿಕೊಳ್ಳುವುದು ಅತ್ತೆಯ ಕೆಲಸ. ಪಂಚಮಿಯ ದಿನ ಬಸ್ಸಿನಲ್ಲಿ ಫೋನು ತೆಗೆದರೆ ಹಿಮಾಲಯದ ಆಚೆ ಬೆಳಗಾಗುವ ಹೊತ್ತಿಗೆ ದೊಡ್ಡ ಭೂಕಂಪವಾದ ಸುದ್ದಿ. ಕುಸಿದ ಕಲ್ಲಿನ ಮನೆಗಳು, ಕಂಬಳಿ ಹೊದ್ದು ರಸ್ತೆಯಲ್ಲಿ ಕೂತವರು, ಮಣ್ಣು ಬಗೆಯುತ್ತಿದ್ದ ಒಬ್ಬ ಮುದುಕ. ಪಕ್ಕದ ಸೀಟಿನವನು ಅದನ್ನೇ ನೋಡುತ್ತಾ ಶೇಂಗಾ ಸುಲಿದು ತಿನ್ನುತ್ತಿದ್ದ. ನಾನೂ "ಪಾಪ" ಎಂದು ಮುಂದಿನ ವೀಡಿಯೋಗೆ ಬೆರಳು ಸರಿಸಿದೆ. ಮುಂದಿನದು ಯಾರದೋ ಕೋಳಿಸಾರಿನದು.

ಗಣೇಶಗುಡಿಯಲ್ಲಿ ಒಂದು ಹೋಂಸ್ಟೇಯ ಅಂಗಳದಲ್ಲಿ ನಿಂತು ಮಾಲೀಕನಿಗೆ ಪ್ರಶ್ನೆ ಕೇಳುತ್ತಿದ್ದೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಓದಿದ್ದೀರಿ, ಫ್ರಿಜ್ ಇದೆಯೇ. ಆಗ ನೆಲದ ಒಳಗಿಂದ ಗುಡುಗಿದ ಹಾಗೆ ಸದ್ದು ಬಂತು. ಅದರ ಬೆನ್ನಿಗೇ ಕಾಲ ಕೆಳಗೆ ಯಾರೋ ಭಾರದ ಟ್ರಂಕು ಎಳೆದಂತಾಯಿತು. ಕಟ್ಟೆಯ ಮೇಲೆ ಬೋರಲು ಹಾಕಿದ್ದ ಸ್ಟೀಲಿನ ಲೋಟಗಳು ಝಣಝಣ ಎಂದವು. ಮಲಗಿದ್ದ ನಾಯಿ ಎದ್ದು ನಿಂತು ಯಾರ ಮೇಲೆ ಬೊಗಳಬೇಕೆಂದು ತಿಳಿಯದೆ ನನ್ನ ಮೇಲೆ ಬೊಗಳಿತು. ಮಾಲೀಕ ಕಂಬ ಹಿಡಿದು ನಿಂತು ಮನೆದೇವರನ್ನು ಕರೆದ. "ಭೂಕಂಪ ರೀ ಮೇಡಂ! ಭೂಕಂಪ!" ಎಂದ. ಅಷ್ಟರಲ್ಲಿ ಎಲ್ಲ ನಿಂತೇಹೋಗಿತ್ತು. ಅವನ ಅತಿಥಿಗಳೆಲ್ಲ ಆಗ ಹೊಳೆಯಲ್ಲಿ ರಾಫ್ಟಿನ ಮೇಲೆ ಕುಣಿಯುತ್ತಾ ಇದ್ದರು, ಅವರಿಗೆ ಏನೂ ತಿಳಿದಿರಲಿಕ್ಕಿಲ್ಲ.

ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಗಿಂತ ಖುಷಿಯೇ ಹೆಚ್ಚಾಯಿತು. ದೊಡ್ಡ ಭೂಕಂಪದ ಅಲೆಗಳು ಅಲ್ಲೇ ನಿಲ್ಲುವುದಿಲ್ಲ, ಇಡೀ ಭೂಮಿಯ ಮೈಮೇಲೆ ಹಾದುಹೋಗುತ್ತವೆ. ನಮ್ಮ ಕಡೆಗೆ ಬರುವಷ್ಟರಲ್ಲಿ ಕಾಲಿಗೆ ಗೊತ್ತಾಗದಷ್ಟು ಸಣ್ಣದಾಗಿರುತ್ತವೆ. ಆದರೆ ದಾರಿಯಲ್ಲಿ ಎಲ್ಲಾದರೂ ಬಂಡೆಯೊಳಗಿನ ಬಿರುಕೊಂದು ಇವತ್ತೋ ನಾಳೆಯೋ ಜಾರಲು ಕಾದು ಕೂತಿದ್ದರೆ ಆ ಸಣ್ಣ ಅಲೆಯೇ ಅದಕ್ಕೆ ನೆಪ. ಹಾಗೆ ಅಲ್ಲಲ್ಲಿ ಸಣ್ಣಸಣ್ಣ ಕಂಪನಗಳು ಆಗುವುದುಂಟು ಎಂದು ಓದಿದ್ದೆ. ಮಳೆಗಾಲ ಮುಗಿದು ಜಲಾಶಯ ತುಂಬಿದ ದಿನಗಳಲ್ಲಿ ನೀರಿನ ಭಾರಕ್ಕೂ ಆಗಬಹುದು ಎಂದೂ ಓದಿದ್ದೆ. ಅವತ್ತಿನದು ಯಾವುದರಿಂದ ಎಂದು ಖಂಡಿತವಾಗಿ ಹೇಳುವುದು ನನ್ನಿಂದಾಗುವ ಮಾತಲ್ಲ. ಆದರೂ ಬಸ್ಸಿನಲ್ಲಿ ವಾಪಸು ಬರುವಾಗ ಮನೆಯಲ್ಲಿ ಇದನ್ನು ಹೇಗೆ ಬಣ್ಣಿಸಿ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಾ ಬಂದೆ.

ಮನೆಯ ಬಾಗಿಲಲ್ಲೇ ಓಣಿಯ ಹೆಂಗಸರು ನಿಂತಿದ್ದರು. ಒಳಗೆ ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದಳು. ನಡೆದದ್ದು ಇಷ್ಟು. ಅತ್ತೆ ಪಕ್ಕದ ಮನೆಯ ಘಟ ನೋಡಲು ಹೋಗಿದ್ದರು. ಅಕ್ಕ ಹೊಸ್ತಿಲ ಈಚೆಗೆ ಕೂತು ಕಡ್ಲಿಬೇಳೆ ಆರಿಸುತ್ತಿದ್ದಳು. ನೆಲ ಅದುರಿತು. ಒಳಗೆ ನೋಡಿದರೆ ತೆಂಗಿನಕಾಯಿ ವಾಲಿ, ಗಡಿಗೆ ಎರೆಮಣ್ಣಿನಲ್ಲಿ ಒಂದು ಕಡೆಗೆ ಜಾರುತ್ತಿತ್ತು. ಅಕ್ಕ ಓಡಿಹೋಗಿ ಎರಡೂ ಕೈಯಲ್ಲಿ ಅದನ್ನು ತಬ್ಬಿ ಹಿಡಿದಳು. ಹಿಡಿಯದೆ ಹೋಗಿದ್ದರೆ ಗಡಿಗೆ ದೀಪದ ಮೇಲೆ ಬಿದ್ದು ಎರಡೂ ಹೋಗುತ್ತಿದ್ದವು. ಹಿಡಿದುಕೊಂಡು, ಬಿಟ್ಟರೆ ಬೀಳುತ್ತದೆ ಎಂದು ಹಾಗೇ ಕೂತಿರುವಾಗ ಅತ್ತೆ ಬಾಗಿಲಿಗೆ ಬಂದರು. ಅವರ ಕಣ್ಣಿಗೆ ಬಿದ್ದದ್ದು ಅಷ್ಟೇ: ಘಟದ ಸುತ್ತ ವಿಧವೆ ಸೊಸೆಯ ಎರಡು ಕೈ.

"ಐದನೇ ದಿನಕ್ಕ ದೇವೀನ ಎಬ್ಬಿಸಿ ಕಳಿಸಿದ್ಲು," ಎಂದರು ಅತ್ತೆ ನನ್ನನ್ನು ಕಂಡು. "ನನ್ನ ದೊಡ್ಡ ಮಗನ್ನ ಕಳಿಸಿದ್ದು ಸಾಕಾಗಿರಲಿಲ್ಲ."

"ಅತ್ತಿ, ನೆಲಾ ಅಳ್ಳಾಡೈತ್ರಿ. ನಾ ಗಣೇಶಗುಡ್ಯಾಗ ನಿಂತು ಕಣ್ಣಾರೆ ಕಂಡೀನಿ," ಎಂದೆ.

"ನಿನಗ ಅಳ್ಳಾಡಿರಬೇಕು. ಓಣ್ಯಾಗ ಯಾರಿಗೂ ಗೊತ್ತಿಲ್ಲಲ್ಲ?"

ಓಣಿಯ ಹೆಂಗಸರು ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಅವರ ತಪ್ಪೂ ಇಲ್ಲ. ನಮ್ಮ ಓಣಿಯ ಮುಂದೆ ಕಾರ್ಖಾನೆಗೆ ಕಟ್ಟಿಗೆ ಹೊತ್ತ ಲಾರಿಗಳು ದಿನವಿಡೀ ಹೋಗುತ್ತವೆ. ಎಲ್ಲರ ಮನೆಯ ಪಾತ್ರೆಗಳೂ ದಿನಕ್ಕೆ ನೂರು ಸಲ ಝಣಗುಡುತ್ತವೆ. ಒಂದು ಝಣ ಲಾರಿಯದೋ ಭೂಮಿಯದೋ ಎಂದು ಯಾರು ನೋಡುತ್ತಾರೆ? ಒಬ್ಬಳಂತೂ ಅಕ್ಕನ ಕಡೆ ನೋಡುತ್ತಾ, "ನೆಲಾ ಅಳ್ಳಾಡಿದ್ರ ನಮ್ಮ ಘಟ ಯಾಕ ಅಳ್ಳಾಡಲಿಲ್ಲ?" ಎಂದಳು. ನಿಮ್ಮ ಮನೆಯ ಘಟ ತಾಮ್ರದ್ದು, ಅಗಲ ತಳದ್ದು, ನಮ್ಮದು ದುಂಡನೆಯ ಮಣ್ಣಿನ ಗಡಿಗೆ ಎಂದು ಹೇಳಲು ಬಾಯಿ ತೆರೆದೆ. ಯಾರಿಗೂ ಅದು ಬೇಕಾಗಿರಲಿಲ್ಲ.

"ಹಬ್ಬ ಮುಗೀಲಿ," ಎಂದು ಅತ್ತೆ ತೀರ್ಪು ಕೊಟ್ಟರು. "ದಸರೀ ಮರುದಿನ ಆಕಿ ಮಳಗಿಗೆ ಹೋಗಲಿ. ಹೊಳ್ಳಿ ಬರೂದು ಬ್ಯಾಡ."

ಅಂದಿನಿಂದ ಅಕ್ಕನ ಹಾಸಿಗೆ ಹಿಂದಿನ ಪಡಸಾಲೆಗೆ ಹೋಯಿತು. ಅವಳ ತಾಟು ಬೇರೆಯಾಯಿತು. ಅತ್ತೆ ಅವಳ ಜೊತೆ ನೇರವಾಗಿ ಮಾತಾಡುವುದನ್ನೇ ಬಿಟ್ಟರು. ಹೇಳುವುದಿದ್ದರೆ ಅವಳಿಗೆ ಕೇಳಿಸುವ ಹಾಗೆ ಬೆಕ್ಕಿಗೆ ಹೇಳುತ್ತಿದ್ದರು. "ನೋಡವಾ, ನೀನೂ ನಮ್ಮ ಮನಿ ಅನ್ನಾನ ಉಣ್ಣತಿ, ಆದ್ರ ನೀ ಯಾರನ್ನೂ ತಿಂದಿಲ್ಲ" ಎಂದು ಬೆಕ್ಕಿಗೆ ಹಾಲು ಹಾಕುತ್ತಿದ್ದರು. ಅಕ್ಕ ಆ ಬೆಕ್ಕಿನ ಬಟ್ಟಲನ್ನೂ ತೊಳೆದಿಡುತ್ತಿದ್ದಳು. ನನಗೆ ಅತ್ತೆಯ ಮೇಲೆ ಎಷ್ಟು ಸಿಟ್ಟಿತ್ತೋ ಅಕ್ಕನ ಮೇಲೆಯೂ ಅಷ್ಟೇ ಸಿಟ್ಟು ಬರುತ್ತಿತ್ತು. ಒಮ್ಮೆಯಾದರೂ ಆ ಬಟ್ಟಲನ್ನು ಎತ್ತಿ ಎಸೆಯಬಾರದೇ ಅನಿಸುತ್ತಿತ್ತು.

ಗಂಡನ ಹತ್ತಿರ ಹೋದೆ. ಅವರು ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದರು. "ಎರಡು ದಿನಾ ತಡಿ, ಅವ್ವ ಮೆತ್ತಗಾಗ್ತಾಳ" ಎಂದರು. ಅವರ ಅವ್ವ ಮೆತ್ತಗಾದದ್ದನ್ನು ನಾನಂತೂ ಕಂಡಿರಲಿಲ್ಲ. ಅತ್ತೆ ನಂಬುವ ಒಬ್ಬ ಸಾಕ್ಷಿ ಬೇಕಿತ್ತು. ಸಿಕ್ಕರೆ ಅಕ್ಕ ಉಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮರುದಿನ ಸಮೀಕ್ಷೆಯ ಚೀಲ ಹೆಗಲಿಗೆ ಹಾಕಿ ಮೊದಲು ಅದೇ ಹೋಂಸ್ಟೇಗೆ ಹೋದೆ.

ಮಾಲೀಕ ಅಂಗಳದಲ್ಲಿ ಅತಿಥಿಗಳಿಗೆ ಅವಲಕ್ಕಿ ಬಡಿಸುತ್ತಿದ್ದ. ನನ್ನನ್ನು ಕಂಡ ಕೂಡಲೇ ಓಡಿ ಬಂದು, ತೋಳು ಹಿಡಿದು ಎಳೆಯುವುದೊಂದೇ ಬಾಕಿ ಎನ್ನುವ ಹಾಗೆ, ಗೇಟಿನ ಹೊರಗೆ ಕರೆದುಕೊಂಡು ಹೋದ. ನಾನು ವಿಷಯ ಹೇಳಿದೆ. ದಾಂಡೇಲಿಗೆ ಬರಬೇಕಾಗಿಲ್ಲ, ಫೋನಿನಲ್ಲಿ ನಮ್ಮತ್ತೆಗೆ ಒಂದು ಮಾತು ಹೇಳಿದರೆ ಸಾಕು ಎಂದೆ.

"ಯಾವ ಭೂಕಂಪ ರೀ ಮೇಡಂ?"

"ನೀವ ಕಂಬಾ ಹಿಡದು ಒದರಿದ್ರಲ್ಲರಿ."

"ಅದು ಎಲ್ಲೋ ಕಲ್ಲು ಒಡದಿರಬೇಕ್ರಿ. ಮೇಡಂ, ದಸರೀ ಸೀಜನ್ ಐತಿ. ಡ್ಯಾಮಿನ ಹತ್ರ ಭೂಮಿ ನಡುಗ್ತು ಅಂತ ಒಬ್ಬರ ಕಿವಿಗೆ ಬಿದ್ರ ಸಾಕು, ನಾಳೆ ಇಲ್ಲಿ ನಾಯಿನೂ ಇರಂಗಿಲ್ಲ. ನಿಮ್ಮ ಮನೀ ಗಡಿಗಿ ಸಲುವಾಗಿ ನನ್ನ ಹೊಟ್ಟಿ ಮ್ಯಾಲ ಕಾಲಿಡಬ್ಯಾಡ್ರಿ. ಚಾ ಕುಡೀತೀರೇನು?"

ಆ ಸಾಲಿನ ಪ್ರತಿ ಮನೆಯಲ್ಲೂ ಕೇಳಿದೆ. ಎಲ್ಲರೂ ಚಹಾ ಕೊಡಲು ತಯಾರಿದ್ದರು, ಭೂಕಂಪ ಮಾತ್ರ ಯಾರ ಮನೆಯಲ್ಲೂ ಆಗಿರಲಿಲ್ಲ. ರಾಫ್ಟಿನ ಹುಡುಗರು ಮುಖ ಮುಖ ನೋಡಿಕೊಂಡು ನಕ್ಕರು. ಅವರಿಗೆ ಮೊದಲೇ ಹೇಳಿಟ್ಟಿದ್ದರು ಎಂದು ಕಾಣುತ್ತದೆ. ನಾನು ರಸ್ತೆಯ ನಡುವೆ ನಿಂತು ಅವರಿಗೆಲ್ಲ ಕೇಳುವ ಹಾಗೆ, ನಿಮ್ಮ ಮನೆಗಳ ಗೋಡೆ ನಿಮ್ಮ ತಲೆಯ ಮೇಲೇ ಬೀಳಲಿ ಎಂದು ಶಪಿಸಿ ಬಸ್ಸು ಹತ್ತಿದೆ. ಬೇಕಾದರೆ ಇವತ್ತೂ ಅದನ್ನೇ ಹೇಳುತ್ತೇನೆ.

ದಸರೆ ಬಂತು. ನನ್ನ ಗಂಡ ಪದ್ಧತಿಯ ಪ್ರಕಾರ ಘಟ ಅಲುಗಿಸಿದರು. ಅತ್ತೆ, "ಹೋದಾಕಿಗೆ ಮತ್ತ ಹೋಗು ಅಂದಂಗಾತು" ಎಂದು ಮೂಗು ಮುರಿದರು. ಸಂಜೆ ಬನ್ನಿ ಕೊಡಲು ಅತ್ತೆಯ ತಮ್ಮ ಜೋಯಿಡಾ ಕಡೆಯ ಹಳ್ಳಿಯಿಂದ ಬಂದರು. ಅತ್ತೆಗೆ ಈ ಭೂಮಿಯ ಮೇಲೆ ಯಾರ ಮಾತಾದರೂ ಮಾತಾಗಿದ್ದರೆ ಅದು ಈ ತಮ್ಮನದು. ಅವರು ಬನ್ನಿ ಕೊಟ್ಟು, ಅತ್ತೆಯ ಕಾಲಿಗೆ ಬಿದ್ದು, ಕೂತು, ಕರ್ಚೀಕಾಯಿ ಬಾಯಿಗೆ ಹಾಕಿಕೊಂಡು, ಯಾರೂ ಕೇಳದೆಯೇ ಹೇಳಿದರು:

"ಅಕ್ಕಾ, ಪಂಚಮೀ ದಿನ ನಮ್ಮ ಕಡೆ ಭೂಮಿ ನಡುಗ್ತು ನೋಡು. ಹಂಚೆಲ್ಲಾ ಖಣಖಣ ಅಂದ್ವು. ಎಮ್ಮಿ ಹಗ್ಗಾ ಹರಕೊಂಡು ಹೊಲಕ್ಕ ಓಡಿತು."

ನನ್ನ ಎದೆಯ ಮೇಲಿನ ಬಂಡೆಯೊಂದನ್ನು ಯಾರೋ ಇಳಿಸಿದಂತಾಯಿತು. ಗೆದ್ದೆ ಅಂದುಕೊಂಡೆ. ಗೆದ್ದವಳು ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಆದರೆ ಅತ್ತೆ, "ಅದು ಹೆಂಗ ನಡುಗತೈತಿ, ಇಷ್ಟು ವರ್ಷ ಇಲ್ಲದ್ದು?" ಎಂದು ಕೇಳಿದರು. ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ನನ್ನ ಕಸುಬು. ಎಲ್ಲರನ್ನೂ ಅಡುಗೆಕೋಣೆಗೆ ಕರೆದೆ. ಹಲಗೆಯ ಮೇಲೆ ಒಂದು ತುದಿಗೆ ಲೋಟಗಳನ್ನು ಸಾಲಾಗಿ ಇಟ್ಟೆ, ಒಂದನ್ನು ಮಾತ್ರ ಅಂಚಿನಿಂದ ಅರ್ಧ ಹೊರಗೆ ಇರುವ ಹಾಗೆ ಇಟ್ಟೆ. ಇನ್ನೊಂದು ತುದಿಯಲ್ಲಿ ಮುಷ್ಟಿಯಿಂದ ಗುದ್ದಿದೆ. ಅಂಚಿನಲ್ಲಿದ್ದದ್ದು ಬಿತ್ತು. ಉಳಿದವು ನಿಂತೇ ಇದ್ದವು.

"ಗುದ್ದಿದ್ದು ಹಿಮಾಲಯದ ಆಚೆ ರೀ," ಎಂದೆ. "ಅವತ್ತು ಮುಂಜಾನೆ ಅಲ್ಲಿ ದೊಡ್ಡ ಭೂಕಂಪ ಆಗೈತಿ. ಅದರ ಧಕ್ಕಿ ಇಲ್ಲಿ ಮಟಾ ಬರತೈತಿ. ಎಲ್ಲಾ ಕಡೆ ಏನೂ ಆಗೂದಿಲ್ಲ. ಬೀಳಾಕ ಕಾಯಾಕತ್ತಿದ್ದದ್ದು ಅಷ್ಟ ಬೀಳತೈತಿ."

ಅತ್ತೆ ಬಗ್ಗಿ ಲೋಟ ಎತ್ತಿ ಸೆರಗಿನಿಂದ ಒರೆಸಿದರು. "ಅಂದ್ರ ಭೂಮಿ ಖರೇನ ನಡುಗೈತಿ."

"ಹೌದ್ರಿ ಅತ್ತಿ."

"ಅಷ್ಟು ದೂರ ಆದದ್ದಕ್ಕ ಇಲ್ಲಿ ನಡುಗೈತಿ."

"ಹೌದ್ರಿ."

"ಅಲ್ಲಿಂದ ಇಲ್ಲಿ ಮಟಾ ಬರತೈತಿ ಅಂದ್ರ, ಇಲ್ಲಿಂದ ಅಲ್ಲಿ ಮಟಾ ಯಾಕ ಹೋಗಬಾರದು?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, "ಅಲ್ಲಿ ಮೊದಲ ಆಗೈತ್ರಿ, ಇಲ್ಲಿ ಆಮ್ಯಾಲ. ಅಕ್ಕ ಘಟ ಮುಟ್ಟಿದ್ದು ಎಲ್ಲಕ್ಕಿಂತ ಕಡೀಕ" ಎಂದೆ. ಧ್ವನಿ ಆಗಲೇ ಏರಿತ್ತು.

ಅತ್ತೆ ಅಷ್ಟು ದಿನಗಳಲ್ಲಿ ಮೊದಲ ಸಲ ಅಕ್ಕನನ್ನು ನೇರವಾಗಿ ಕರೆದರು. ಅಕ್ಕ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. "ಪಂಚಮೀ ದಿನ ದೇವರ ಖೋಲಿಗೆ ಅದಕ್ಕೂ ಮೊದಲ ಕಾಲಿಟ್ಟಿದ್ದೇನು?"

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅಕ್ಕನಿಗೆ ಸುಳ್ಳು ಹೇಳುವ ರೂಢಿಯೇ ಇರಲಿಲ್ಲ. "ನಸುಕಿನ್ಯಾಗ ಹೂವಿನ ಬುಟ್ಟಿ ಒಳಗ ಇಟ್ಟೆ ರೀ," ಎಂದಳು. "ನೀವೆಲ್ಲಾ ಮಕ್ಕೊಂಡಿದ್ರಿ. ತಂಗಿಗೆ ಬಸ್ಸಿಗೆ ಹೊತ್ತಾಗತೈತಿ ಅಂತ."

"ಕೇಳಿದ್ಯಾ?" ಎಂದು ಅತ್ತೆ ನನ್ನ ಕಡೆ ತಿರುಗಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ನಿಜವಾದ ಭಯ. ಅದು ಸಿಟ್ಟಿಗಿಂತ ಕೆಟ್ಟದ್ದು ಎಂದು ನನಗೆ ಅವತ್ತು ಗೊತ್ತಾಯಿತು. "ನಾ ಈಕಿ ಒಂದು ಗಡಿಗಿ ಅಲಗಸ್ಯಾಳ ಅಂತ ತಿಳದಿದ್ದೆ. ಈಕಿ ಭೂಮೀನ ಅಲಗಸ್ಯಾಳ. ನೀನ ಹೇಳಿದಿ, ಧಕ್ಕಿ ಎಷ್ಟು ದೂರ ಬೇಕಾದ್ರೂ ಹೋಗತೈತಿ ಅಂತ. ಅಲ್ಲೆ ಎಷ್ಟು ಮಂದಿ ಮಣ್ಣಾಗ ಹೋದರು?"

ಅತ್ತೆಯ ತಮ್ಮ ಕರ್ಚೀಕಾಯಿ ಕೈಯಲ್ಲಿ ಹಿಡಿದೇ ಕೂತಿದ್ದರು. ಅದು ಹಾಗಲ್ಲ ಎಂದು ನಾನು ಕೂಗಾಡಿದೆ. ಅಲೆ ಅಂದರೆ ಏನು, ಬಂಡೆ ಅಂದರೆ ಏನು ಎಂದೆಲ್ಲ ಒದರಿದೆ. "ಹಂಗಾದ್ರ ಇಲ್ಲಿ ನಡುಗಿದ್ದು ಅದಕ್ಕ ಅಂತ ಖಾತ್ರಿ ಐತೇನು ನಿನಗ?" ಎಂದು ಅತ್ತೆ ಕೇಳಿದರು. ಖಾತ್ರಿ ಇಲ್ಲ, ಬೇರೆ ಕಾರಣವೂ ಇರಬಹುದು ಎಂದೆ. ಅತ್ತೆ ತಲೆಯಾಡಿಸಿದರು. ಆ ಬೇರೆ ಕಾರಣ ಹಿತ್ತಲ ಬಾಗಿಲಲ್ಲಿ ನಿಂತಿತ್ತು.

ಬರೀ ಕೈತಪ್ಪು ಎಂದಿದ್ದರೆ ಒಂದು ವರ್ಷ ಕಳೆದು ಮಳಗಿಯಿಂದ ವಾಪಸು ಕರೆಸಬಹುದಿತ್ತೋ ಏನೋ. ಇನ್ನು ಅದೂ ಉಳಿಯಲಿಲ್ಲ. ಮರುದಿನ ನನ್ನ ಗಂಡ ಅಕ್ಕನ ಟ್ರಂಕು ಹೊತ್ತು ಹಳಿಯಾಳದ ಬಸ್ಸಿಗೆ ಹಾಕಿ ಬಂದರು. ಅಲ್ಲಿಂದ ಮುಂದೆ ಅವಳೊಬ್ಬಳೇ. "ಮನ್ಯಾಗ ಶಾಂತಿ ಬೇಕೋ ಬ್ಯಾಡೋ?" ಎಂದರು ನನಗೆ. "ನಿಮ್ಮ ಅಣ್ಣನ ನೌಕರಿ ಉಂಡು, ಆಂವನ ಹೆಂಡತೀನ ಹೊರಗ ಹಾಕಿ, ಮ್ಯಾಲ ಶಾಂತಿ ಬೇರೆ ಬೇಕೇನ್ರಿ ನಿಮಗ?" ಎಂದೆ. ತಾಟು ನೂಕಿ ಎದ್ದು ಹೋದರು. ಅಕ್ಕ ಹೋಗುವಾಗ ಓಣಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಸುದ್ದಿ ಅಷ್ಟರಲ್ಲಿ ಹರಡಿತ್ತು. ಒಬ್ಬ ತಾಯಿ ತನ್ನ ಕೂಸನ್ನು ಅಂಗಳದಿಂದ ಎತ್ತಿಕೊಂಡು ಒಳಗೆ ಓಡಿದಳು. ಅದೇ ಕೂಸಿಗೆ ಅಕ್ಕ ಎಷ್ಟೋ ಸಲ ಎರೆದು ತೊಟ್ಟಿಲಿಗೆ ಹಾಕಿದ್ದಳು.

ಮಳಗಿಯಲ್ಲಿ ತಮ್ಮನ ಹೆಂಡತಿಯ ತಲೆನೋವು ಬಹಳ ದಿನ ತಡೆಯಲಿಲ್ಲ. ಅಕ್ಕ ಕೆಲಸ ಹುಡುಕಿಕೊಂಡು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದಳು. ಗೋವಿನಜೋಳ ಸುಲಿಯುವ ಹಂಗಾಮಿನಲ್ಲಿ ಅಲ್ಲಿ ಸುತ್ತಲ ಹಳ್ಳಿಗಳ ಹೆಂಗಸರಿಗೆಲ್ಲ ಕೂಲಿ ಸಿಗುತ್ತದೆ. ಆಮೇಲೆ ಒಬ್ಬ ಟಿಬೆಟನ್ ಮುದುಕಿಯ ಮನೆಯಲ್ಲಿ ಅಡುಗೆಗೆ, ಮನೆಗೆಲಸಕ್ಕೆ ನಿಂತಳು. ಒಂದು ರವಿವಾರ ನಾನು ನೋಡಲು ಹೋದೆ. ಮನೆ ಚೊಕ್ಕವಾಗಿತ್ತು. ಹೊಟ್ಟೆ ತುಂಬ ಊಟವಿತ್ತು. ಮುದುಕಿ ಅಕ್ಕನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಬೆಣ್ಣೆಯ ಚಹಾ ಕುಡಿಸುತ್ತಿದ್ದಳು. ಸದ್ಯ, ಒಳ್ಳೆಯ ಜಾಗಕ್ಕೆ ಬಂದು ಬಿದ್ದಳು ಎಂದು ನಿಟ್ಟುಸಿರು ಬಿಟ್ಟೆ.

ಗೋಡೆಯ ಮೇಲೆ ಸಾಲಾಗಿ ಫೋಟೋಗಳಿದ್ದವು. ಮುಂದೆ ಸಣ್ಣ ಸಣ್ಣ ದೀಪಗಳು ಉರಿಯುತ್ತಿದ್ದವು. ಹಿಮಾಲಯದ ಆಚೆಯ ಆ ಭೂಕಂಪದಲ್ಲಿ ಮುದುಕಿಯ ತಂಗಿ, ತಂಗಿಯ ಸೊಸೆ, ಮೊಮ್ಮಕ್ಕಳು ಎಲ್ಲ ಹೋಗಿದ್ದರು. ಮುದುಕಿ ಆ ತಂಗಿಯನ್ನು ಕೊನೆಗೆ ಕಂಡದ್ದು ಇಬ್ಬರೂ ಸಣ್ಣವರಿದ್ದಾಗ. ಅಕ್ಕ ಆ ದೀಪಗಳ ಹತ್ತಿರ ಹೋಗುತ್ತಿರಲಿಲ್ಲ. ಕಸ ಗುಡಿಸುವಾಗ ಆ ಮೂಲೆಯೊಂದನ್ನು ಬಿಟ್ಟು ಗುಡಿಸುತ್ತಿದ್ದಳು. ನನ್ನನ್ನು ಬಸ್ಸಿಗೆ ಕಳಿಸಲು ಬಂದವಳು ರಸ್ತೆಯ ಬದಿಗೆ ನಿಂತು ಹೇಳಿದಳು:

"ಅಜ್ಜಿಗೆ ಹೇಳಿಬಿಟ್ಟೆ ತಂಗಿ."

"ಏನಂತ?"

"ಆದದ್ದು ನನ್ನಿಂದ ಅಂತ. ನಸುಕಿನ್ಯಾಗ ನಾ ಒಳಗ ಕಾಲಿಟ್ಟೆ, ಆಮ್ಯಾಲ ಅಲ್ಲಿ ಆತು ಅಂತ."

ಅತ್ತೆಯೊಬ್ಬರ ತಲೆಯಲ್ಲಿದ್ದದ್ದು ಇವಳ ತಲೆಗೂ ಇಳಿದಿತ್ತು. "ಆಕಿ ಏನಂದ್ಲು?" ಎಂದೆ.

"ನಕ್ಕಳು. ನನ್ನ ತಲಿ ಸವರಿದ್ಲು. ಬೈದಿದ್ರ ಛಲೋ ಇತ್ತು."

ಅಲ್ಲೇ ಧೂಳಿನಲ್ಲಿ ಕೂತು ಮತ್ತೆ ಎಲ್ಲ ಬಿಡಿಸಿ ಹೇಳಿದೆ. ಮನುಷ್ಯರ ಕಾಲಿಗೆ ಭೂಮಿ ಕಿವಿಗೊಡುವುದಿಲ್ಲ ಎಂದೆ. ನೆಲದೊಳಗೆ ನೂರಾರು ವರ್ಷದಿಂದ ಸೇರುತ್ತಾ ಬಂದ ಒತ್ತಡ ಎಂದೆ. ದೊಡ್ಡದರಿಂದ ಸಣ್ಣದು ಆಗಬಹುದು, ಒಂದು ಹೂವಿನ ಬುಟ್ಟಿಯಿಂದ ಏನೂ ಆಗುವುದಿಲ್ಲ ಎಂದೆ. ಅಕ್ಕ ನನ್ನ ಕ್ಲಾಸಿನ ಹುಡುಗಿಯರಿಗಿಂತ ಹೆಚ್ಚು ಗಮನ ಕೊಟ್ಟು ಕೇಳಿದಳು. ಬಸ್ಸು ಬಂದಾಗ, "ನೀ ಶ್ಯಾಣ್ಯಾಕಿ ಅದಿ. ಆದ್ರ ಅವತ್ತ ನೀನೂ ಖಾತ್ರಿ ಇಲ್ಲ ಅಂದಿದ್ದಿ" ಎಂದಳು.

ಅದಾದ ಮೇಲೆ ಫೋನು ಶುರುವಾಯಿತು. ಎಲ್ಲಿಯಾದರೂ ಭೂಕಂಪದ ಸುದ್ದಿ ಬಂದರೆ ಸಾಕು, ಅಕ್ಕನ ಫೋನು ಬರುತ್ತದೆ. ಜಪಾನೋ, ಟರ್ಕಿಯೋ, ಸಮುದ್ರದ ನಡುವೆ ಯಾರೂ ಇಲ್ಲದ ದ್ವೀಪವೋ. ಹೇಗಿದ್ದೀ ಎಂದು ಕೇಳುತ್ತಾಳೆ, ಅತ್ತೆಯ ಮೊಣಕಾಲು ಹೇಗಿದೆ ಎಂದು ಕೇಳುತ್ತಾಳೆ. ಆಮೇಲೆ, "ಅದು ಆದಾಗ ನಮ್ಮ ಕಡೆ ಯಾವ ಹೊತ್ತು ತಂಗಿ?" ಎನ್ನುತ್ತಾಳೆ. ಮೊದಮೊದಲು ನಾನು ನೋಡಿ ನಿಜವನ್ನೇ ಹೇಳುತ್ತಿದ್ದೆ. ಅವಳು ಸುಮ್ಮನಾಗುತ್ತಿದ್ದಳು. ಆ ಹೊತ್ತಿನಲ್ಲಿ ತಾನು ಎಲ್ಲಿದ್ದೆ, ಏನು ಮುಟ್ಟಿದೆ, ಯಾವ ಬಾಗಿಲು ದಾಟಿದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ತಿಳಿಯಲು ಬಹಳ ಸಮಯ ಹಿಡಿಯಿತು. ತಿಳಿದ ಮೇಲೆ ನಾನು ಸುಳ್ಳು ಹೇಳಲು ಕಲಿತೆ.

ಹೋದ ತಿಂಗಳು ಮತ್ತೆ ಎಲ್ಲೋ ಆಯಿತು. ನಾನು ಫೋನಿಗೆ ಕಾದೇ ಕೂತಿದ್ದೆ. ಕುಶಲ ಕೇಳಿದಳು, ಅತ್ತೆಯ ಮೊಣಕಾಲು ಕೇಳಿದಳು, ಹೊತ್ತು ಕೇಳಿದಳು.

"ನಟ್ಟನಡುರಾತ್ರಿ ಅಕ್ಕಾ," ಎಂದೆ. "ನೀ ನಿದ್ದಿ ಮಾಡೂ ಹೊತ್ತು. ಏನೂ ಮುಟ್ಟಿಲ್ಲ, ಎಲ್ಲೂ ಕಾಲಿಟ್ಟಿಲ್ಲ. ಆರಾಮ ಇರು."



"ಅವತ್ತ ನನಗ ನಿದ್ದಿ ಬಂದಿರಲಿಲ್ಲ ತಂಗಿ," ಎಂದು ಫೋನಿಟ್ಟಳು.